ಮಲಗುವ ಎತ್ತರ ನೋಡಿ ದಾರಿ ಹಾಕಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆಯಲ್ಲಿ ಸ್ವಂತ ಗಾಡಿಯಲ್ಲಿ ಎತ್ತರದ ಬೆಟ್ಟಗಳಿಗೆ ಹೋಗಿ, ಟೆಂಟು ಹಾಕಿ, ಮಕ್ಕಳೊಂದಿಗೆ ಚಾರಣ ಮಾಡುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ನಾವು ಗಂಡ, ಹೆಂಡತಿ, 12 ಮತ್ತು 8 ವರ್ಷದ ಇಬ್ಬರು ಮಕ್ಕಳು. ಒಂಬತ್ತು ದಿನ ರಜೆ ಇದೆ. ನಾವಿರುವುದು ಸುಮಾರು 300 ಮೀಟರ್ ಎತ್ತರದಲ್ಲಿ. 3,600 ಮೀಟರಿನಲ್ಲಿರುವ ಒಂದು ಸರೋವರದ ಪಕ್ಕ ಟೆಂಟು ಹಾಕುವ ಆಸೆ. ರಸ್ತೆ ಅಲ್ಲಿಗೇ ಹೋಗುತ್ತದೆ, ಎರಡು ದಿನದ ದಾರಿ. ಬೇಗ ತಲುಪಿಬಿಟ್ಟರೆ ಉಳಿದ ದಿನಗಳನ್ನೆಲ್ಲ ಅಲ್ಲೇ ಕಳೆಯಬಹುದಲ್ಲವೇ?

ಉತ್ತರ: ರಸ್ತೆ ಅಲ್ಲಿಗೇ ಹೋಗುತ್ತದೆ ಎನ್ನುವುದೇ ತೊಡಕು. ಹೆಗಲಿಗೆ ಹೊರೆ ಹಾಕಿಕೊಂಡು ಹತ್ತುವವರನ್ನು ಅವರ ಕಾಲೇ ತಡೆದು ನಿಲ್ಲಿಸುತ್ತದೆ, ಅಷ್ಟರಲ್ಲಿ ಮೈ ಒಗ್ಗಿಕೊಳ್ಳುತ್ತದೆ. ಗಾಡಿಯಲ್ಲಿ ಹೋದವರು ಎರಡನೇ ದಿನ ಮಧ್ಯಾಹ್ನಕ್ಕೆಲ್ಲ ಅಲ್ಲಿ ಇಳಿದಿರುತ್ತಾರೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರರಲ್ಲಿ ಎರಡು ಪಾಲಿನ ಆಸುಪಾಸು. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅದೇ ಶೇ 21 ಇದ್ದರೂ ಒಂದೊಂದು ಉಸಿರಿಗೆ ದಕ್ಕುವುದು ಅಷ್ಟಕ್ಕಷ್ಟೇ. ಇಳಿದ ಕೂಡಲೇ ಏನೂ ಆಗುವುದಿಲ್ಲ, ಮಕ್ಕಳು ಓಡಾಡುತ್ತಾರೆ, ಫೋಟೊ ತೆಗೆಯುವುದೂ ಆಗುತ್ತದೆ. ತಲೆನೋವು, ವಾಕರಿಕೆ ಶುರುವಾಗುವುದು ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ. ಅಂದರೆ ಕತ್ತಲಾಗಿ ಎಲ್ಲರೂ ಟೆಂಟಿನೊಳಗೆ ಸೇರಿದ ನಂತರ, ಘಾಟಿ ಇಳಿಯಲು ಯಾರಿಗೂ ಧೈರ್ಯ ಬಾರದ ಹೊತ್ತಿನಲ್ಲಿ.

ಆದ್ದರಿಂದ ಮೊದಲು ನಕ್ಷೆಯಲ್ಲಿ ರಾತ್ರಿಗಳನ್ನು ಗುರುತು ಹಾಕಿ, ನೋಡುವ ಜಾಗಗಳನ್ನು ಆಮೇಲೆ ಸೇರಿಸಿ. ಒಗ್ಗಿಕೊಳ್ಳದ ಮೈಯಲ್ಲಿ ಮೊದಲ ರಾತ್ರಿಯೇ 2,750 ಮೀಟರಿಗಿಂತ ಮೇಲೆ ಮಲಗಬಾರದು. 3,000 ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಇವು ಪರ್ವತ ವೈದ್ಯರು ಒಪ್ಪಿರುವ ಮಿತಿಗಳು. ನಿಮ್ಮ ರಜೆಗೆ ಹೊಂದಿಸಿದರೆ ಮೊದಲ ರಾತ್ರಿ 1,800ರ ಸುಮಾರು, ಎರಡನೆಯದು 2,500, ಮೂರನೆಯದೂ ಅಲ್ಲೇ. ಆ ದಿನ 3,000ದವರೆಗೆ ನಡೆದು ಹತ್ತಿ ವಾಪಸು ಬನ್ನಿ. ನಾಲ್ಕು, ಐದನೆಯ ರಾತ್ರಿ 3,000ದಲ್ಲಿ. ಆರನೆಯದು 3,300, 3,400ರ ನಡುವೆ ಎಲ್ಲಾದರೂ. ಏಳನೇ ದಿನ ಸರೋವರಕ್ಕೆ ಹೋಗಿ, ದಂಡೆಯಲ್ಲಿ ಅರ್ಧ ದಿನ ಕಳೆದು, ಕೆಳಗಿಳಿದು ಮಲಗಿ. ಉಳಿದೆರಡು ದಿನ ವಾಪಸು ದಾರಿಗೆ. ಸರೋವರದ ಪಕ್ಕದಲ್ಲೇ ರಾತ್ರಿ ಕಳೆಯುವ ಆಸೆಯನ್ನು ಒಂಬತ್ತು ದಿನದ ರಜೆಯಲ್ಲಿ ಬಿಟ್ಟುಬಿಡುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಟೆಂಟು ಹಾಕಿದವರಲ್ಲಿ ನಿದ್ದೆ ಮಾಡುವವರು ಹೇಗೂ ಕಡಿಮೆ.

ದಾರಿಯಲ್ಲಿ 4,000 ಮೀಟರಿನ ಪಾಸ್ ಒಂದನ್ನು, ಅಂದರೆ ಬೆಟ್ಟಸಾಲು ದಾಟುವ ಎತ್ತರದ ದಾರಿಯನ್ನು, ಹಗಲಲ್ಲಿ ದಾಟಿ ಆಚೆಗೆ ಇಳಿಯುವುದಾದರೆ ಲೆಕ್ಕಕ್ಕೆ ಬರುವುದು ಇಳಿದು ಮಲಗುವ ಎತ್ತರವೇ. ಪಾಸಿನ ಮೇಲೆ ಗಂಟೆಗಟ್ಟಲೆ ಕೂರಬೇಡಿ, ಅಷ್ಟೇ. ಆದರೆ ಪಾಸಿನ ಆಚೆ ಬಟ್ಟಲಿನಂಥ ಕಣಿವೆ ಇದ್ದು, ಅಲ್ಲಿಂದ ಹೊರಬರಲು ಮತ್ತೆ ಅದೇ ಪಾಸ್ ಹತ್ತಬೇಕಾದರೆ, ಆ ಜಾಗ ಎಷ್ಟೇ ಚೆಂದವಿದ್ದರೂ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಮಲಗಬಾರದು. ಎತ್ತರದ ಕಾಯಿಲೆಗೆ ಖಾತ್ರಿ ಮದ್ದು ಕೆಳಗಿಳಿಯುವುದು, ಬಹುತೇಕ 300ರಿಂದ 1,000 ಮೀಟರ್ ಇಳಿದರೆ ಗುಣ ಕಾಣುತ್ತದೆ. ಇಳಿಯಲು ಮೊದಲು ಹತ್ತಲೇಬೇಕಾದ ಜಾಗದಲ್ಲಿ ಆ ಮದ್ದು ಸಿಗುವುದಿಲ್ಲ.

ರಾತ್ರಿ ಗಾಡಿಯನ್ನು ಇಳಿಜಾರಿನ ದಾರಿಗೆ ಮುಖ ಮಾಡಿ ನಿಲ್ಲಿಸಿ, ಟ್ಯಾಂಕು ಅರ್ಧಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ, ಕೀಲಿ ಎಲ್ಲಿದೆ ಎಂಬುದು ದೊಡ್ಡವರಿಬ್ಬರಿಗೂ ಗೊತ್ತಿರಲಿ. ಓಡಿಸುವವರಿಗೇ ತಲೆಸುತ್ತು ಬಂದರೆ ಅವರು ಸ್ಟೇರಿಂಗ್ ಹಿಡಿಯಬಾರದು, ಹಾಗಾಗಿ ಇಬ್ಬರಿಗೂ ಆ ಗಾಡಿ ಓಡಿಸಿ ರೂಢಿಯಿರಬೇಕು. ಅಸೆಟಜೋಲಮೈಡ್ ಎಂಬ ಮಾತ್ರೆ ಒಗ್ಗಿಕೊಳ್ಳುವುದನ್ನು ಚುರುಕು ಮಾಡುತ್ತದೆ. ಇದು ಸಲ್ಫಾ ಗುಂಪಿನ ಔಷಧ, ಮಕ್ಕಳಿಗೆ ತೂಕ ನೋಡಿ ಪ್ರಮಾಣ ಹೇಳಬೇಕು. ಹೊರಡುವ ಮೊದಲೇ ವೈದ್ಯರನ್ನು ಕೇಳಿ. ನಿದ್ದೆ ಮಾತ್ರೆ, ಮದ್ಯ ಎರಡೂ ಆ ಎತ್ತರದಲ್ಲಿ ಬೇಡ.

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ತಲೆನೋವು ಅಂತ ಹೇಳಲು ಬರುವುದಿಲ್ಲ. ಎತ್ತರ ಹಿಡಿಸಿಲ್ಲ ಅಂತ ತಿಳಿಯುವುದು ಹೇಗೆ?

ಉತ್ತರ: ಆಟ, ಊಟ, ನಿದ್ದೆ, ಮನಸ್ಸು ಈ ನಾಲ್ಕನ್ನು ನೋಡಿ. ಕಾರಣವಿಲ್ಲದೆ ರಚ್ಚೆ ಹಿಡಿಯುವುದು, ಇಷ್ಟದ ತಿಂಡಿಯನ್ನೂ ದೂಡುವುದು, ಆಡುವ ಸಾಮಾನು ಕೊಟ್ಟರೂ ಸುಮ್ಮನೆ ಮಡಿಲಲ್ಲಿ ಬಿದ್ದಿರುವುದು, ವಾಂತಿ ಇವೆಲ್ಲ ಎತ್ತರದ ಲಕ್ಷಣಗಳೇ. ‘ಗಾಡಿ ಪ್ರಯಾಣದ ಸುಸ್ತು’, ‘ಹಲ್ಲು ಬರುತ್ತಿರಬೇಕು’ ಎಂದು ಸಮಾಧಾನ ಹೇಳಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. 2,500 ಮೀಟರಿನ ಮೇಲೆ ಇಂಥದ್ದು ಕಂಡರೆ, ಬೇರೆ ಕಾರಣ ಖಚಿತವಾಗುವವರೆಗೂ ಎತ್ತರವೇ ಕಾರಣ ಎಂದಿಟ್ಟುಕೊಂಡು ಕೆಳಗಿಳಿಯಿರಿ.

ಮಗುವಿಗೆ ನೆಗಡಿ, ಕೆಮ್ಮು, ಎದೆ ಕಟ್ಟಿದ್ದರೆ ಪ್ರವಾಸ ಮುಂದೂಡಿ. ಅಂಥ ಮಕ್ಕಳಿಗೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಹೆಚ್ಚು. ಸುಮ್ಮನೆ ಕೂತಿದ್ದಾಗಲೂ ಏದುಸಿರು, ತುಟಿ ನೀಲಿಗಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ದೊಡ್ಡ ಮಕ್ಕಳಲ್ಲಿ ಮತ್ತು ದೊಡ್ಡವರಲ್ಲಿ ಇನ್ನೊಂದು ಪರೀಕ್ಷೆ ಇದೆ. ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮಿದುಳಿಗೆ ಬಾವು ಬರುತ್ತಿದೆ ಎಂದರ್ಥ, ಅದೇ ಗಳಿಗೆ ಇಳಿಯಬೇಕು.

ಪ್ರಶ್ನೆ: ಕಳೆದ ಸಲ ಉದ್ದದ ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಮೆತ್ತಗಾಯಿತು. ಆಟೊಮ್ಯಾಟಿಕ್ ಗಾಡಿ, ಮೇಲೆ ಕ್ಯಾರಿಯರ್ ತುಂಬ ಸಾಮಾನು. ಮೆಕ್ಯಾನಿಕ್ ನೋಡಿ ‘ಪ್ಯಾಡ್ ಚೆನ್ನಾಗಿಯೇ ಇದೆ’ ಅಂದರು.

ಉತ್ತರ: ಪ್ಯಾಡ್ ಚೆನ್ನಾಗಿರಬಹುದು, ಬ್ರೇಕ್ ಆಯಿಲ್ ಹಳೆಯದಾಗಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಅರ್ಧ ಗಂಟೆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಆ ಬಿಸಿ ಬಂದೇ ಬರುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆಯೆದ್ದರೆ ನೀವು ತುಳಿಯುವುದು ಆ ಗುಳ್ಳೆಯನ್ನು, ಪೆಡಲ್ ಮೆತ್ತಗಾಗುವುದು ಅದಕ್ಕೇ. ಎರಡು ವರ್ಷ ದಾಟಿದ್ದರೆ ಹೊರಡುವ ಮೊದಲು ಬದಲಿಸಿ.

ಇಳಿಯುವಾಗ ಡಿ ಗೇರಿನಲ್ಲೇ ಬಿಡಬೇಡಿ. ಎಲ್, 2 ಅಥವಾ ಮ್ಯಾನ್ಯುವಲ್ ಮೋಡ್‌ಗೆ ಹಾಕಿ, ಅದೇ ಏರನ್ನು ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಎಂಜಿನ್ ಸದ್ದು ಜೋರಾದರೆ ಗಾಬರಿ ಬೇಡ, ಬ್ರೇಕಿನ ಕೆಲಸವನ್ನು ಎಂಜಿನ್ ಮಾಡುತ್ತಿದೆ. ತಿರುವಿನ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ. ಹಗುರವಾಗಿ ಒತ್ತುತ್ತಲೇ ಇರುವುದಕ್ಕಿಂತ ಇದರಲ್ಲಿ ಡಿಸ್ಕಿಗೆ ತಣಿಯಲು ಬಿಡುವು ಸಿಗುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವವರು, ಎಂಜಿನ್ ಆರಿಸುವವರು ಈಗಲೂ ಇದ್ದಾರೆ. ಎಂಜಿನ್ ಆರಿದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕಿನ ಬೂಸ್ಟರ್ ಬಲವೂ ಮುಗಿಯುತ್ತದೆ, ಸ್ಟೇರಿಂಗೂ ಬಿಗಿಯಾಗುತ್ತದೆ.

ವಾಸನೆ ಬಂದ ಕೂಡಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ, ಸೀಳಲೂಬಹುದು. ನೀರಿನ ಕ್ಯಾನು, ಸ್ಟವ್, ಆಹಾರದಂಥ ಭಾರವೆಲ್ಲ ಗಾಡಿಯೊಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡು, ಕೆಳಮಟ್ಟದಲ್ಲಿರಲಿ. ಕ್ಯಾರಿಯರ್ ಮೇಲೆ ಟೆಂಟು, ಮ್ಯಾಟು, ಸ್ಲೀಪಿಂಗ್ ಬ್ಯಾಗಿನಂಥ ಹಗುರ ಸಾಮಾನು ಮಾತ್ರ.

ಪ್ರಶ್ನೆ: ಮೈನಸ್ 10 ಡಿಗ್ರಿ ಎಂದು ಬರೆದಿದ್ದ ಸ್ಲೀಪಿಂಗ್ ಬ್ಯಾಗು ಕೊಂಡೆವು. 3,000 ಮೀಟರಿನಲ್ಲಿ ರಾತ್ರಿ 2 ಡಿಗ್ರಿ ಇತ್ತು, ಆದರೂ ಚಳಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಟೆಂಟಿನ ಒಳಗೆಲ್ಲ ನೀರು. ಟೆಂಟು ಸೋರುತ್ತಿದೆಯೇ?

ಉತ್ತರ: ಚಳಿಗೊಂದು ಕಾರಣ, ನೀರಿಗೊಂದು ಕಾರಣ. ಬ್ಯಾಗಿನ ಒಳಚೀಟಿ ತೆಗೆದು ನೋಡಿ. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷಿಸಿದ ಬ್ಯಾಗಿನಲ್ಲಿ ಮೂರು ತಾಪಮಾನ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ದೊಡ್ಡಕ್ಷರದಲ್ಲಿ ಹೊರಗೆ ಬರೆಯುವುದು ಎಷ್ಟೋ ಸಲ ಕೊನೆಯದ್ದನ್ನು. ಅದು ಚೆನ್ನಾಗಿ ನಿದ್ದೆ ಬರುವ ಮಟ್ಟವಲ್ಲ, ಜೀವ ಉಳಿಯುವ ಮಟ್ಟ. ಕೊಳ್ಳುವಾಗ ಕಂಫರ್ಟ್ ಸಂಖ್ಯೆಯೊಂದನ್ನೇ ನೋಡಿ, ಅದಕ್ಕೂ ನಾಲ್ಕೈದು ಡಿಗ್ರಿ ಅಂತರ ಇಟ್ಟುಕೊಳ್ಳಿ. ಮಕ್ಕಳಿಗೆ ಈ ಯಾವ ಸಂಖ್ಯೆಯೂ ಅನ್ವಯಿಸುವುದಿಲ್ಲ, ಪರೀಕ್ಷೆ ನಡೆಯುವುದು ದೊಡ್ಡವರ ಲೆಕ್ಕದಲ್ಲಿ. ದೊಡ್ಡವರ ಬ್ಯಾಗಿನಲ್ಲಿ ಮಗುವನ್ನು ಮಲಗಿಸುವುದಾದರೆ ಖಾಲಿ ಉಳಿಯುವ ಕಾಲಿನ ಭಾಗವನ್ನು ಮಡಿಸಿ ಕಟ್ಟಿ, ಇಲ್ಲದಿದ್ದರೆ ಆ ಖಾಲಿ ಗಾಳಿಯನ್ನೆಲ್ಲ ಮಗುವಿನ ಮೈ ಬಿಸಿ ಮಾಡಬೇಕಾಗುತ್ತದೆ.

ನಿಮ್ಮ ಚಳಿ ಬಹುಶಃ ಕೆಳಗಿನಿಂದ ಬಂದದ್ದು. ಬ್ಯಾಗಿನ ತುಂಬುವಸ್ತು ಮೈಭಾರಕ್ಕೆ ಚಪ್ಪಟೆಯಾದ ಮೇಲೆ ಬೆನ್ನಿಗೂ ನೆಲಕ್ಕೂ ನಡುವೆ ಉಳಿಯುವುದು ಮ್ಯಾಟು ಮಾತ್ರ. ಅದು ಶಾಖವನ್ನು ಎಷ್ಟು ತಡೆಯುತ್ತದೆ ಎನ್ನುವುದಕ್ಕೆ ಆರ್-ವ್ಯಾಲ್ಯೂ ಎಂಬ ಅಳತೆ ಇದೆ. ಬೆಚ್ಚಗಿನ ಕಣಿವೆಗೆ 2 ಸಾಕು. ಸೊನ್ನೆಯ ಆಸುಪಾಸಿಗೆ 4 ಬೇಕು. ಒಂದರ ಮೇಲೊಂದು ಹಾಸಿದರೆ ಸಂಖ್ಯೆಗಳು ಕೂಡುತ್ತವೆ, ಹಾಗಾಗಿ ಇರುವ ಮ್ಯಾಟಿನ ಕೆಳಗೆ 2ರ ಫೋಮ್ ಮ್ಯಾಟು ಸೇರಿಸುವುದು ಅಗ್ಗದ ದಾರಿ. ಊದುವ ದಪ್ಪ ಗಾಳಿಹಾಸಿಗೆ ನೋಡಲು ಮೆತ್ತಗೆ, ಚಳಿಗೆ ಮಾತ್ರ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒಳಗಿನ ಗಾಳಿ ಸುತ್ತಾಡುತ್ತ ಬೆನ್ನಿನ ಶಾಖವನ್ನೆಲ್ಲ ನೆಲಕ್ಕೆ ಒಯ್ಯುತ್ತದೆ.

ಇನ್ನು ನೀರು. ಟೆಂಟು ಸೋರುತ್ತಿಲ್ಲ, ಉಸಿರಾಡುತ್ತಿರುವವರು ನೀವು. ನಾಲ್ಕು ಜನರ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಅರ್ಧ ಲೀಟರಿಗೂ ಮೇಲೆ ನೀರು ಆವಿಯಾಗಿ ಹೊರಬರುತ್ತದೆ, ತಣ್ಣಗಿನ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಚಳಿಯೆಂದು ಕಿಂಡಿಗಳನ್ನೆಲ್ಲ ಮುಚ್ಚಿದಷ್ಟೂ ಹೆಚ್ಚು ಹನಿ. ಎದುರುಬದುರಿನ ಎರಡು ಕಿಂಡಿ ತೆರೆದಿಡಿ, ಹೊರಹೊದಿಕೆಯನ್ನು ಎಳೆದು ಕಟ್ಟಿ ಒಳಬಟ್ಟೆಗೆ ತಾಗದಂತೆ ಮಾಡಿ, ಒದ್ದೆ ಬೂಟು, ಸಾಕ್ಸ್ ಹೊರಗಿನ ಅಂಗಳದಲ್ಲಿಡಿ. ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಟೆಂಟಿನ ತಳಕ್ಕಿಂತ ಎಲ್ಲ ಕಡೆ ಒಂದು ಗೇಣು ಚಿಕ್ಕದಿರಬೇಕು. ಹೊರಚಾಚಿದ್ದರೆ ಮಳೆನೀರನ್ನು ಅದೇ ಹಿಡಿದು ತಳದಡಿಗೆ ತರುತ್ತದೆ.

ಜಾಗದ ಆಯ್ಕೆಯೂ ಮುಖ್ಯ. ತಣ್ಣನೆ ಗಾಳಿ ಭಾರ, ರಾತ್ರಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ. ಹೊಳೆಯ ಪಕ್ಕದ ಹುಲ್ಲುಹಾಸಿಗಿಂತ ಹತ್ತು ಹದಿನೈದು ಮೀಟರ್ ಮೇಲಿನ ಮಟ್ಟಸ ಜಾಗ ಬೆಚ್ಚಗೂ ಇರುತ್ತದೆ, ಹನಿಯೂ ಕಡಿಮೆ, ಹೊಳೆ ಏರಿದರೆ ಭಯವೂ ಇಲ್ಲ.

ಪ್ರಶ್ನೆ: ಗ್ಯಾಸ್ ಡಬ್ಬಿ ಅಲುಗಾಡಿಸಿದರೆ ಅರ್ಧ ಇದೆ ಅನ್ನಿಸುತ್ತದೆ, ಆದರೆ ಬೆಳಿಗ್ಗೆ ಸ್ಟವ್ ಉರಿಯುವುದೇ ಇಲ್ಲ. ಅಕ್ಕಿ ಎಷ್ಟು ಬೇಯಿಸಿದರೂ ಗಟ್ಟಿ. ಮಳೆ ಬಂದಾಗ ಟೆಂಟಿನೊಳಗೇ ಸ್ಟವ್ ಹಚ್ಚಬಹುದೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ: ಹಚ್ಚಬಾರದು. ಬೆಂಕಿ ಹತ್ತುವ ಭಯ ಒಂದು ಕಡೆ, ಕಾರ್ಬನ್ ಮೊನಾಕ್ಸೈಡ್ ಇನ್ನೊಂದು ಕಡೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಅದರ ಲಕ್ಷಣಗಳು. ಎತ್ತರದ ಕಾಯಿಲೆಯ ಲಕ್ಷಣಗಳೂ ಅವೇ ಆದ್ದರಿಂದ ಬೆಟ್ಟದ ಮೇಲೆ ಇದನ್ನು ಗುರುತಿಸುವುದು ಕಷ್ಟ. ಉರಿ ಆರಿದಂತೆ ಕಾಣುವ ಇದ್ದಿಲ ಕೆಂಡವನ್ನು ಬೆಚ್ಚಗಿರಲೆಂದು ಒಳಗೆ ತಂದಿಟ್ಟು ಇಡೀ ಕುಟುಂಬಗಳೇ ಸತ್ತಿವೆ. ಮಳೆಗೆ ಗಾಡಿಯ ಹಿಂಬಾಗಿಲು ಎತ್ತಿ ಅದಕ್ಕೊಂದು ಟಾರ್ಪಾಲು ಕಟ್ಟಿದರೆ ಮೂರು ಕಡೆ ತೆರೆದ ಅಡುಗೆಮನೆ ಸಿಗುತ್ತದೆ, ಅದು ಸಾಕು.

ಡಬ್ಬಿಯಲ್ಲಿ ಇರುವುದು ಮಿಶ್ರಣ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಆವಿಯಾಗುತ್ತದೆ, ಐಸೊಬ್ಯುಟೇನ್ ಮೈನಸ್ 12ರ ಹತ್ತಿರ, ಬ್ಯುಟೇನ್ ಸೊನ್ನೆಯ ಹತ್ತಿರ. ಮೊದಲು ಖಾಲಿಯಾಗುವುದು ಪ್ರೊಪೇನ್, ಹಾಗಾಗಿ ಅರ್ಧ ಮುಗಿದ ಡಬ್ಬಿಯಲ್ಲಿ ಉಳಿದಿರುವುದು ಚಳಿಗೆ ಏಳದ ಪಾಲು. ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗಿನ ಕಾಲ ಬುಡದಲ್ಲಿಟ್ಟುಕೊಳ್ಳಿ. ಬೆಳಿಗ್ಗೆ ಎರಡು ಬೆರಳು ಉಗುರುಬೆಚ್ಚಗಿನ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ ಹಚ್ಚಿ. ಡಬ್ಬಿಯ ಮೇಲೇ ಕೂರುವ ಸ್ಟವ್ವಿಗೆ ಸುತ್ತಲೂ ಗಾಳಿತಡೆ ಬಿಗಿಯಬೇಡಿ, ಶಾಖ ಕೆಳಗೆ ತಿರುಗಿ ಡಬ್ಬಿ ಸಿಡಿಯುವ ಅಪಾಯವಿದೆ. ಗಾಳಿ ಬರುವ ಒಂದೇ ಕಡೆಗೆ ತಡೆ ಇರಲಿ.

ಅಕ್ಕಿಯ ವಿಷಯ: ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 3,000ದಲ್ಲಿ ಅದು 90 ಡಿಗ್ರಿ, ಉರಿ ಜೋರು ಮಾಡಿದರೂ ಅಷ್ಟೇ. ಸಣ್ಣ ಪ್ರೆಷರ್ ಕುಕ್ಕರ್ ಒಯ್ಯಿರಿ. ಅದರ ತೂಕವನ್ನು ಉಳಿಯುವ ಗ್ಯಾಸ್ ತೀರಿಸುತ್ತದೆ.

ಪ್ರಶ್ನೆ: ಮಕ್ಕಳ ಜೊತೆ ದಿನಕ್ಕೆ ಎಷ್ಟು ದೂರ ನಡೆಯಬಹುದು? ಎಷ್ಟು ಹೊತ್ತಿಗೆ ಹೊರಡಬೇಕು?

ಉತ್ತರ: ದೂರವೊಂದನ್ನೇ ನೋಡಬೇಡಿ, ಏರನ್ನೂ ಸೇರಿಸಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತದೆ: ಸುಮಾರು 5 ಕಿಲೊಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿಬರಲು 8 ಕಿಲೊಮೀಟರ್, 500 ಮೀಟರ್ ಏರು ಎಂದರೆ ಸುಮಾರು ಎರಡು ಗಂಟೆ 25 ನಿಮಿಷ. ಆದರೆ ಅದು ಗಟ್ಟಿ ಕಾಲಿನ ದೊಡ್ಡವರಿಗೆ, ನಿಲ್ಲದೆ ನಡೆದರೆ. ಮಕ್ಕಳಿದ್ದರೆ ಎರಡರಿಂದ ಗುಣಿಸಿ. ಅಂದರೆ ಐದು ಗಂಟೆ, ಒಂದು ದಿನಕ್ಕೆ ಅಷ್ಟು ಸಾಕು. ಮಕ್ಕಳ ಬೆನ್ನಿನ ಚೀಲ ಅವರ ತೂಕದ ಹತ್ತನೇ ಒಂದು ಪಾಲು ಮೀರಬಾರದು. ಆದರೂ ತಮ್ಮ ಮಳೆಯಂಗಿ, ನೀರು, ಸೀಟಿ ಅವರ ಬಳಿಯೇ ಇರಲಿ, ದಾರಿ ತಪ್ಪಿದರೆ ಬೇಕಾಗುವುದು ಅವೇ.

ಬೆಳಿಗ್ಗೆ ಆರಕ್ಕೆ ಹೊರಟು, ಎತ್ತರದ ಜಾಗವನ್ನು ಹತ್ತೂವರೆಯೊಳಗೆ ಬಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಮರಗಳಿರುವ ಮಟ್ಟಕ್ಕೆ ಇಳಿದಿರಬೇಕು. ಕಾರಣ ಎರಡು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಗುಡುಗು ಕಟ್ಟುವುದು ಬಿಸಿಲೇರಿದ ಮೇಲೆ, ಹೆಚ್ಚಾಗಿ ಮಧ್ಯಾಹ್ನದ ನಂತರ. ಹಿಮ ಕರಗಿ ಹರಿಯುವ ತೊರೆಗಳೂ ಹಾಗೆಯೇ: ಮುಂಜಾನೆ ಪಾದ ಮುಳುಗುವಷ್ಟಿದ್ದದ್ದು ಸಂಜೆಗೆ ಮೊಣಕಾಲು ದಾಟುತ್ತದೆ. ಬೆಳಿಗ್ಗೆ ಸುಲಭವಾಗಿ ದಾಟಿ ಹೋದವರು ಸಂಜೆ ಆಚೆ ದಡದಲ್ಲೇ ಸಿಕ್ಕಿಬೀಳುತ್ತಾರೆ. ದಾಟುವಾಗ ಬೂಟು ಬಿಚ್ಚಬೇಡಿ, ಚೀಲದ ಸೊಂಟಪಟ್ಟಿ ಬಿಚ್ಚಿ. ನೀರು ಮಗುವಿನ ಮೊಣಕಾಲಿಗಿಂತ ಮೇಲಿದ್ದರೆ ದಾಟುವುದೇ ಬೇಡ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು 10 ಕಿಲೊಮೀಟರಿನೊಳಗಿದೆ. ಏಣು, ಒಂಟಿ ಮರ, ಒಂಟಿ ಬಂಡೆ ಬಿಟ್ಟು ಇಳಿಯಿರಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ. ಟೆಂಟು ಸಿಡಿಲಿನಿಂದ ಕಾಪಾಡುವುದಿಲ್ಲ, ಕಿಟಕಿ ಏರಿಸಿದ ಗಾಡಿ ಕಾಪಾಡುತ್ತದೆ.

‘ಇನ್ನು ಸ್ವಲ್ಪ ಹೋದರೆ ತುದಿ’ ಎನ್ನುವ ಮಾತು ಹತ್ತೂವರೆಗೆ ಬಂದರೂ ಹಿಂದಿರುಗಿ. ಆ ಹೊತ್ತನ್ನು ಬೆಳಿಗ್ಗೆಯೇ ಮಕ್ಕಳೆದುರು ಹೇಳಿಟ್ಟಿದ್ದರೆ, ಮೀರಲು ಹೊರಡುವ ಅಪ್ಪನನ್ನು ಮಕ್ಕಳೇ ಹಿಡಿದು ನಿಲ್ಲಿಸುತ್ತಾರೆ.

ಪ್ರಶ್ನೆ: ಹೊಸ ಬೂಟು ಹಾಕಿ ಮಗನ ಹಿಮ್ಮಡಿಗೆ ಬೊಬ್ಬೆ ಬಂತು.

ಉತ್ತರ: ಬೊಬ್ಬೆ ಏಳುವ ಮುಂಚೆ ಆ ಜಾಗ ಬಿಸಿಬಿಸಿಯಾಗುತ್ತದೆ. ನಡಿಗೆ ಶುರುವಾದ 20 ನಿಮಿಷಕ್ಕೆ ಎಲ್ಲರನ್ನೂ ನಿಲ್ಲಿಸಿ ಕೇಳಿ, ಬೂಟು ಬಿಚ್ಚಿಸಿ, ಒಣ ಚರ್ಮಕ್ಕೆ ವೈದ್ಯಕೀಯ ಟೇಪು ಸುಕ್ಕಿಲ್ಲದಂತೆ ಅಂಟಿಸಿ. ಹೊಸ ಬೂಟನ್ನು ಎರಡು ವಾರ ಮೊದಲೇ ದಿನವೂ ಹಾಕಿಸಿ. ಹತ್ತಿ ಸಾಕ್ಸ್ ಬೇಡ.

ಪ್ರಶ್ನೆ: ಹಿಮದಿಂದ ನೇರವಾಗಿ ಹರಿದು ಬರುವ ತಿಳಿನೀರನ್ನು ಕುಡಿಯಬಹುದಲ್ಲವೇ? ಫಿಲ್ಟರ್ ಬಾಟಲಿಯೂ ಇದೆ.

ಉತ್ತರ: ಮೇಲೆ ಕುರಿ ಮೇಯುತ್ತಿದ್ದರೆ, ಇನ್ನೊಂದು ಟೆಂಟಿದ್ದರೆ ತಿಳಿ ಕಂಡರೂ ನಂಬುವಂತಿಲ್ಲ. ಕುದಿಸುವುದು ನಿಶ್ಚಿಂತೆ: ಗುಳ್ಳೆಯೆದ್ದು ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2,000 ಮೀಟರಿನ ಮೇಲೆ ಮೂರು ನಿಮಿಷ. 0.2 ಮೈಕ್ರಾನಿನಷ್ಟು ಸಣ್ಣ ರಂಧ್ರಗಳ ಫಿಲ್ಟರ್ ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಒಮ್ಮೆ ಬಳಸಿದ ಟೊಳ್ಳುನಾರಿನ (ಒಳಗೆ ಸಣ್ಣ ಕೊಳವೆಯಂಥ ನಾರುಗಳಿರುವ) ಫಿಲ್ಟರಿನಲ್ಲಿ ಉಳಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ನಾರು ಸೀಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ನೀರೂ ಮೊದಲಿಗಿಂತ ಸರಾಗ ಬರುತ್ತದೆ, ಶುದ್ಧಿ ಮಾತ್ರ ಆಗುವುದಿಲ್ಲ. ಅದನ್ನೂ ಗ್ಯಾಸ್ ಡಬ್ಬಿಯ ಜೊತೆ ಬ್ಯಾಗಿನೊಳಗೆ ಮಲಗಿಸಿ.

ಪ್ರಶ್ನೆ: ಶೌಚಾಲಯವಿಲ್ಲದ ಕಡೆ?

ಉತ್ತರ: ನೀರಿನಿಂದ, ದಾರಿಯಿಂದ, ಟೆಂಟಿನಿಂದ 60 ಮೀಟರ್ ದೂರ. 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಮುಚ್ಚಿ. ಮಣ್ಣು ತೆಳುವಿರುವ, ಮರಗಳಿಲ್ಲದ ಎತ್ತರದಲ್ಲಿ ಅದು ವರ್ಷಗಟ್ಟಲೆ ಕರಗುವುದಿಲ್ಲ, ಅಲ್ಲಿ ಚೀಲದಲ್ಲಿ ಕಟ್ಟಿ ವಾಪಸು ತರಬೇಕು. ಕಾಗದ, ಒದ್ದೆ ಒರೆಸು, ಡೈಪರ್ ಎಲ್ಲಿದ್ದರೂ ವಾಪಸು.

ಪ್ರಶ್ನೆ: ಮೋಡವಿದ್ದರೂ ಮಕ್ಕಳ ಮುಖ ಸುಟ್ಟು ಸಿಪ್ಪೆ ಎದ್ದಿತು. ಕನ್ನಡಕವೂ ಬೇಕೇ?

ಉತ್ತರ: ಬೇಕು. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಏರುತ್ತದೆ, ತೆಳು ಮೋಡ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಹೊಸ ಹಿಮ ಶೇ 80ರವರೆಗೆ ತಿರುಗಿ ಎರಚುತ್ತದೆ. ಹಾಗಾಗಿ ಟೊಪ್ಪಿ ಹಾಕಿದ್ದರೂ ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಡಿಗೆ ಸುಡುತ್ತದೆ. ಎಸ್‌ಪಿಎಫ್ (ಬಿಸಿಲು ತಡೆಯುವ ಬಲದ ಅಂಕ) 30 ಅಥವಾ ಮೇಲ್ಪಟ್ಟ ಕ್ರೀಮನ್ನು ಎರಡು ಗಂಟೆಗೊಮ್ಮೆ ಹಚ್ಚಿ, ತುಟಿಗೂ ಹಚ್ಚಿ. ಕನ್ನಡಕದ ಕಡ್ಡಿಯ ಮೇಲೆ 0ರಿಂದ 4ರವರೆಗೆ ವರ್ಗಸಂಖ್ಯೆ ಇರುತ್ತದೆ. ಬೆಟ್ಟಕ್ಕೆ 3, ಹಿಮದ ಮೇಲೆ ನಡೆಯುವುದಿದ್ದರೆ 4, ಬದಿಯಿಂದ ಬೆಳಕು ನುಗ್ಗದಂಥದ್ದು. ಆದರೆ 4ರ ಗಾಜು ತೀರ ಕಪ್ಪು, ಅದನ್ನು ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ. ಸ್ಟೇರಿಂಗ್ ಹಿಡಿಯುವವರಿಗೆ ಇನ್ನೊಂದು ಜೊತೆ ಡ್ಯಾಶ್‌ಬೋರ್ಡಿನಲ್ಲಿರಲಿ.